ಚಿಕ್ಕ ಮಕ್ಕಳ ಪರೀಕ್ಷೆ ಮತ್ತು ಮನೆಯವರ ತಿಳಿವಳಿಕೆ



ಈ ಲೇಖನವು ನಿಮ್ಮ ಪರೀಕ್ಷೆಯನ್ನು ಕುರಿತದ್ದಲ್ಲ; ನಿಮ್ಮ ತಮ್ಮ ತಂಗಿಯರ ಪರೀಕ್ಷೆಯನ್ನು ಕುರಿತದ್ದು. ಆದರೂ ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ. ಅದಕ್ಕೆ ಕಾರಣವುಂಟು. ಪುಣೆಯಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಲ್ಲಿ ಅನೇಕರು ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ದುಡಿಮೆಗಾಗಿ ಬಂದವರು. ತಂದೆಯು ಕಟ್ಟಡದ ಕೆಲಸಕ್ಕೂ ತಾಯಿಯು ಮನೆಗೆಲಸಕ್ಕೂ ಹೋದರೆ ಮರಳಿ ಬರುವದು ದೀಪ ಹಚ್ಚಿದ ಮೇಲೆ. ಶಾಲೆಯಿಂದ ಬಂದ ಕಾಗದವನ್ನು ಆಗ ಓದಿ ಹೇಳುವವರು ಯಾರು? ನೀವೇ. ಏಳನೆಯ, ಎಂಟನೆಯ, ಒಂಬತ್ತನೆಯ ಇಯತ್ತೆಯ ಮಕ್ಕಳಾದ ನೀವು ಶಾಲೆಗೂ ಮನೆಗೂ ನಡುವಿನ ಸೇತುವೆಯಾಗಿದ್ದೀರಿ. ನೀವು ಆ ಕಾಗದವನ್ನು ಹೇಗೆ ಓದಿ ಹೇಳುವಿರೋ ಹಾಗೆಯೇ ಮನೆಯವರು ತಿಳಿದುಕೊಳ್ಳುವರು. ಅದರ ಮೇಲಿಂದಲೇ ಒಂದು ಚಿಕ್ಕ ಕೂಸಿನ ವಿಷಯದಲ್ಲಿ ತೀರ್ಮಾನವಾಗುವದು. ಆದುದರಿಂದ ಆ ಕಾಗದದ ಅರ್ಥವು ನಿಮಗೆ ಚೆನ್ನಾಗಿ ತಿಳಿದಿರಬೇಕು.

ಕಾಗದವನ್ನು ನೋಡಿದ ಕೂಡಲೇ ಮನೆಯಲ್ಲಿ ಕೇಳುವ ಮೊದಲನೆಯ ಪ್ರಶ್ನೆ ಯಾವುದು? “ಪಾಸೋ ಫೇಲೋ?” ಎಂಬುದು. ಇದಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡುವೆ. ನಮ್ಮ ದೇಶದ ಶಿಕ್ಷಣ ಹಕ್ಕಿನ ಕಾಯಿದೆಯು ೨೦೦೯ರಲ್ಲಿ ಆಗಿ, ೨೦೧೦ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಅದಕ್ಕೆ ೨೦೧೯ರಲ್ಲಿ ತಿದ್ದುಪಡಿಯಾಗಿ, ಐದನೆಯ ಹಾಗೂ ಎಂಟನೆಯ ಇಯತ್ತೆಗಳ ಕೊನೆಗೆ ಪರೀಕ್ಷೆಯನ್ನಿಟ್ಟು ಮಕ್ಕಳನ್ನು ಹಿಂದಿಡುವ ಅಧಿಕಾರವು ಸರಕಾರಗಳಿಗೆ ದೊರೆಯಿತು. ಆದರೆ ಒಂದರಿಂದ ನಾಲ್ಕನೆಯ ಇಯತ್ತೆಯವರೆಗಿನ ಕೂಸನ್ನು ಗುಣ ಕಡಿಮೆಯಾದುವೆಂದು ಅದೇ ಇಯತ್ತೆಯಲ್ಲಿ ಕೂಡ್ರಿಸುವದಕ್ಕೆ ಇಂದಿಗೂ ಆಸ್ಪದವಿಲ್ಲ. ಎಂದ ಮೇಲೆ ಆ ಚಿಕ್ಕ ಮಕ್ಕಳ ಪರೀಕ್ಷೆಯಲ್ಲಿ ಪಾಸು ಫೇಲು ಎಂಬ ಮಾತೇ ಇಲ್ಲ. ಹಾಗಾದರೆ ಪರೀಕ್ಷೆಯು ಏತಕ್ಕೆ? ಇದನ್ನೇ ಈಗ ವಿಚಾರಿಸೋಣ.

ಪ್ರಮಾಣಿತ ಪರೀಕ್ಷೆ ಎಂದರೇನು?

ಮೊದಲು ನಮ್ಮ ದೇಶದಲ್ಲಿ ಊರಿಗೊಂದು ಸೇರು, ಪೇಟೆಗೊಂದು ತೂಕವಿದ್ದಿತು. ಒಂದೂರಿನ ಸೇರು ದೊಡ್ಡದು, ಇನ್ನೊಂದೂರಿನದು ಚಿಕ್ಕದು. ಎರಡೂರಿನ ಜೋಳದ ರಾಶಿಗಳನ್ನು ಹೋಲಿಸಬೇಕಾದರೆ ತೊಡಕಾಗುತ್ತಿದ್ದಿತು. ೧೯೫೬ರಲ್ಲಿ ತೂಕ ಅಳತೆಗಳ ಕಾಯಿದೆಯಾಗಿ, ೧೯೫೮ನೆಯ ಅಕ್ಟೋಬರದಿಂದ ಕಿಲೋಗ್ರಾಮಿನ ಪದ್ಧತಿಯು ಹಂತಹಂತವಾಗಿ ಬಂದಿತು. ಅಂದಿನಿಂದ ವಿಜಯಪುರದ ಕಿಲೋ ಬೇರೆ, ಪುಣೆಯ ಕಿಲೋ ಬೇರೆ ಎಂಬುದಿಲ್ಲ.

ಪರೀಕ್ಷೆಗಳ ಮಾತೂ ಹೀಗೆಯೇ. ನಾನು ನನ್ನ ವರ್ಗಕ್ಕೆ ಸುಲಭವಾದ ಪ್ರಶ್ನೆಗಳನ್ನು ಕೊಡಬಹುದು. ಪಕ್ಕದ ಶಾಲೆಯ ಗುರುಗಳು ಕಠಿಣವಾದವುಗಳನ್ನು ಕೊಡಬಹುದು. ಅಲ್ಲಿಯ ೧೫ ಗುಣಕ್ಕೂ ಇಲ್ಲಿಯ ೧೫ ಗುಣಕ್ಕೂ ಹೋಲಿಕೆಯೇ ಇಲ್ಲ. ಆದುದರಿಂದ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಪ್ರಶ್ನೆಗಳನ್ನು, ಒಂದೇ ಅವಧಿಯಲ್ಲಿ, ಒಂದೇ ರೀತಿಯಿಂದ ಕೇಳಿ, ಒಂದೇ ನಿಯಮದಿಂದ ಗುಣ ಹಾಕುವ ಪದ್ಧತಿಯನ್ನು ತಜ್ಞರು ಕಂಡುಹಿಡಿದರು. ಪ್ರಶ್ನೆಗಳನ್ನು ಮೊದಲು ಕೆಲವು ಮಕ್ಕಳ ಮೇಲೆ ಪ್ರಯೋಗಿಸಿ, ಯಾವುದು ತೀರ ಸುಲಭ, ಯಾವುದು ತೀರ ಕಠಿಣ, ಯಾವುದು ಎರಡರ್ಥ ಕೊಡುವದು ಎಂಬುದನ್ನು ಶೋಧಿಸಿ ತೆಗೆಯುವರು. ಹೀಗೆ ಸಿದ್ಧವಾದುದಕ್ಕೆ ಪ್ರಮಾಣಿತ ಪರೀಕ್ಷೆ ಎನ್ನಬಹುದು. ಅದೊಂದು ಅಳತೆಗೋಲು. ಅಳತೆಗೋಲು ಉದ್ದವನ್ನು ಹೇಳುವದೇ ಹೊರತು ಬಟ್ಟೆಯ ಬಣ್ಣವನ್ನೂ ಬಾಳಿಕೆಯನ್ನೂ ಹೇಳಲಾರದು ಎಂಬುದನ್ನು ಮಾತ್ರ ಮರೆಯಲಾಗದು.

ಇದರ ಹುಟ್ಟು ಹೇಗಾಯಿತು?

ಫ್ರಾನ್ಸ್ ದೇಶದಲ್ಲಿ ೧೮೮೨ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನಾಯಿತು. ಎಲ್ಲ ತರದ ಮನೆಗಳ ಮಕ್ಕಳೂ ಶಾಲೆಗೆ ಬರತೊಡಗಿದರು. ಅವರಲ್ಲಿ ಕೆಲವರಿಗೆ ಸಾಮಾನ್ಯ ರೀತಿಯ ಪಾಠವು ಸಾಲುತ್ತಿರಲಿಲ್ಲ. ಅಂಥವರನ್ನು ಗುರುತಿಸಿ ಹೆಚ್ಚಿನ ಸಹಾಯ ಕೊಡುವದು ಹೇಗೆ ಎಂದು ವಿಚಾರಿಸಲು ೧೯೦೪ರಲ್ಲಿ ಅಲ್ಲಿಯ ಸರಕಾರವು ಒಂದು ಮಂಡಲಿಯನ್ನು ನೇಮಿಸಿತು. ಅದರಲ್ಲಿದ್ದ ಆಲ್‌ಫ್ರೆಡ್ ಬಿನೆ ಎಂಬ ಮನಶ್ಶಾಸ್ತ್ರಜ್ಞನು ಥಿಯೊಡೋರ್ ಸಿಮೋನನ ಜೊತೆಗೂಡಿ ೧೯೦೫ರಲ್ಲಿ ೩೦ ಚಿಕ್ಕ ಕೆಲಸಗಳ ಒಂದು ಪರೀಕ್ಷೆಯನ್ನು ರಚಿಸಿದನು. ತೋರಿಸಿದ ವಸ್ತುವಿನ ಹೆಸರು ಹೇಳುವದು, ಕೇಳಿದ ಅಂಕೆಗಳನ್ನು ಮರಳಿ ಹೇಳುವದು, ಎರಡು ಗೆರೆಗಳಲ್ಲಿ ಉದ್ದವಾದುದನ್ನು ತೋರಿಸುವದು, ಇಂಥವು ಆ ಕೆಲಸಗಳು.

ಬಿನೆಯ ಉದ್ದೇಶವು ಹಿಂದುಳಿದವರನ್ನು ಮುಂದಕ್ಕೆ ತರುವದಾಗಿದ್ದಿತು. ಒಂದು ಮಗುವಿನ ಬುದ್ಧಿಯು ಎಂದೆಂದಿಗೂ ಇಷ್ಟೇ ಎಂದು ಹೇಳುವವರನ್ನು ೧೯೦೯ರಲ್ಲಿ ಬರೆದ ತನ್ನ ಗ್ರಂಥದಲ್ಲಿ ಆತನು ಬಲವಾಗಿ ವಿರೋಧಿಸಿದನು. ಅಭ್ಯಾಸದಿಂದಲೂ ಒಳ್ಳೆಯ ಬೋಧನೆಯಿಂದಲೂ ಬುದ್ಧಿಯು ಬೆಳೆಯುವದೆಂಬುದು ಅವನ ನಂಬಿಕೆ. ೧೯೧೧ರಲ್ಲಿ ಆತನು ತೀರಿಕೊಂಡನು.

ಆ ಪರೀಕ್ಷೆಯು ಅಮೇರಿಕೆಗೆ ಹೋದ ಮೇಲೆ ಅದರ ದಾರಿ ಬದಲಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ನನು ೧೯೧೬ರಲ್ಲಿ ಅದನ್ನು ಪರಿಷ್ಕರಿಸಿದನು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಸುಮಾರು ೧೭ ಲಕ್ಷ ಸೈನಿಕರಿಗೆ ಇಂಥ ಪರೀಕ್ಷೆಗಳನ್ನು ಕೊಟ್ಟರು. ಪರದೇಶಗಳಿಂದ ಹೊಸದಾಗಿ ಬಂದು ನೆಲೆಸಿದ ಇಟಲಿ, ಪೋಲಂಡ್ ಮುಂತಾದ ಕಡೆಯವರಿಗೆ ಕಡಿಮೆ ಗುಣಗಳು ಬಂದವು. ಕಾರ್ಲ್ ಬ್ರಿಘಮ್ ಎಂಬ ವಿದ್ವಾಂಸನು ೧೯೨೩ರಲ್ಲಿ ಒಂದು ಪುಸ್ತಕ ಬರೆದು, ಈ ಜನರು ಹುಟ್ಟಿನಿಂದಲೇ ಬುದ್ಧಿಯಲ್ಲಿ ಕಡಿಮೆಯೆಂದು ಸಾರಿದನು. ಆದರೆ ಅವನ ಕೋಷ್ಟಕಗಳಲ್ಲಿಯೇ ಇನ್ನೊಂದು ಸಂಗತಿಯಿದ್ದಿತು: ಬಂದು ಹೆಚ್ಚು ವರ್ಷಗಳಾದವರಿಗೆ ಹೆಚ್ಚು ಗುಣಗಳಿದ್ದವು, ಇಪ್ಪತ್ತು ವರ್ಷ ಅಲ್ಲಿದ್ದವರು ಆ ನಾಡಿನಲ್ಲಿಯೇ ಹುಟ್ಟಿದವರಿಗೆ ಹೆಚ್ಚುಕಡಿಮೆ ಸರಿಸಮನಾಗಿದ್ದರು. ಅಂದರೆ ಆ ಪರೀಕ್ಷೆಯು ಅಳೆದುದು ಬುದ್ಧಿಯನ್ನಷ್ಟೇ ಅಲ್ಲ, ಹೊಸ ನಾಡಿನ ಭಾಷೆ ರೂಢಿಗಳ ಪರಿಚಯವನ್ನೂ ಅಳೆದಿತ್ತು. ೧೯೩೦ರಲ್ಲಿ ಬ್ರಿಘಮ್ಮನು ತಾನೇ ಮುಂದೆ ಬಂದು ತನ್ನ ನಿರ್ಣಯವು ಆಧಾರವಿಲ್ಲದ್ದೆಂದು ಹಿಂತೆಗೆದುಕೊಂಡನು.

ವಿದ್ಯಾರ್ಥಿಗಳೇ, ಈ ಕಥೆಯು ಸಮುದ್ರದಾಚೆಯದಾದರೂ ನಮಗೆ ಬಹಳ ಹತ್ತಿರದ್ದು. ನಾವೂ ಊರು ಬಿಟ್ಟು ಬಂದವರೇ. ಬಂದು ಒಂದು ವರ್ಷವಾದ ಕೂಸನ್ನೂ ಇಲ್ಲಿಯೇ ಹುಟ್ಟಿ ಬೆಳೆದ ಕೂಸನ್ನೂ ಒಂದೇ ಗೋಲಿನಿಂದ ಅಳೆದು, ಮೊದಲನೆಯದು ದಡ್ಡ ಎನ್ನುವವರಿಗೆ ಈ ಕಥೆಯನ್ನು ಹೇಳಬೇಕು.

ನಮ್ಮ ಕಡೆಯವರು ಈ ಶಾಸ್ತ್ರದಲ್ಲಿ ಹಿಂದುಳಿದಿರಲಿಲ್ಲ. ಡಾ. ವಿ. ವಿ. ಕಾಮತರು ಬಿನೆಯ ಪರೀಕ್ಷೆಯನ್ನು ಮುಂಬಯಿ ಕರ್ನಾಟಕದ ಕನ್ನಡ ಹಾಗೂ ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗುವಂತೆ ಪರಿಷ್ಕರಿಸಿ, ೧೯೩೪ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಬಿನೆ-ಕಾಮತ ಪರೀಕ್ಷೆಯೆಂಬ ಹೆಸರಿನಿಂದ ಅದು ಭಾರತದಲ್ಲೆಲ್ಲ ಪ್ರಸಿದ್ಧವಾಯಿತು. ಪ್ಯಾರಿಸ್ಸಿನ ಕೂಸಿಗೆ ಕೇಳಿದ ಪ್ರಶ್ನೆಯನ್ನು ಶಬ್ದಕ್ಕೆ ಶಬ್ದ ಕನ್ನಡಕ್ಕೆ ತಂದರೆ ಸಾಲದು; ಇಲ್ಲಿಯ ಮಗುವಿನ ಮನೆ, ನುಡಿ, ನೋಟಗಳಿಗೆ ತಕ್ಕಂತೆ ಅದನ್ನು ಹೊಸದಾಗಿ ಕಟ್ಟಿ, ಇಲ್ಲಿಯ ಮಕ್ಕಳ ಮೇಲೆಯೇ ಪ್ರಯೋಗಿಸಿ ನೋಡಬೇಕು. ಈ ಕೆಲಸವು ಕನ್ನಡ ಮರಾಠಿಗಳೆರಡಕ್ಕೂ ಒಟ್ಟಿಗೇ ನಡೆಯಿತೆಂಬುದು ಪುಣೆಯ ಕನ್ನಡಿಗರಾದ ನಾವು ನೆನೆಯತಕ್ಕ ಸಂಗತಿ.

ಇಂದು ನಮ್ಮ ಚಿಕ್ಕ ಮಕ್ಕಳ ಮುಂದೆ ಬರುವ ಪರೀಕ್ಷೆಗಳು

ಇವುಗಳಲ್ಲಿ ನಾಲ್ಕು ಬಗೆಗಳುಂಟು. ಹೆಸರು ಬೇರೆ, ಉದ್ದೇಶವೂ ಬೇರೆ. ಒಂದರ ಅರ್ಥವನ್ನು ಇನ್ನೊಂದಕ್ಕೆ ಹಚ್ಚುವದರಿಂದಲೇ ಮನೆಗಳಲ್ಲಿ ಗೊಂದಲವಾಗುವದು.

ಮೊದಲನೆಯದು ಸಮೀಕ್ಷೆ. ಕೇಂದ್ರ ಸರಕಾರವು ೨೦೧೭ರಲ್ಲಿಯೂ ೨೦೨೧ನೆಯ ನವೆಂಬರ ೧೨ರಂದೂ ರಾಷ್ಟ್ರೀಯ ಸಾಧನಾ ಸಮೀಕ್ಷೆಯನ್ನು ನಡೆಸಿತು. ೨೦೨೪ನೆಯ ಡಿಸೆಂಬರ ೪ರಂದು ಪರಖ್ ರಾಷ್ಟ್ರೀಯ ಸರ್ವೇಕ್ಷಣವೆಂಬ ಹೆಸರಿನಿಂದ ಮೂರನೆಯ, ಆರನೆಯ ಮತ್ತು ಒಂಬತ್ತನೆಯ ಇಯತ್ತೆಯ ಸುಮಾರು ೨೧ ಲಕ್ಷ ಮಕ್ಕಳಿಗೆ, ೭೪ ಸಾವಿರ ಶಾಲೆಗಳಲ್ಲಿ ಪರೀಕ್ಷೆಯಾಯಿತು. ದೇಶದ ಎಲ್ಲ ಮಕ್ಕಳನ್ನೂ ಇದಕ್ಕೆ ಕೂಡ್ರಿಸುವದಿಲ್ಲ. ಅನ್ನ ಬೆಂದಿತೋ ಇಲ್ಲವೋ ಎಂದು ನೋಡಲು ತಾಯಿಯು ನಾಲ್ಕು ಅಗುಳನ್ನು ಹಿಚುಕಿ ನೋಡುವಂತೆ, ಕೆಲವು ಶಾಲೆಗಳನ್ನು ಆರಿಸಿಕೊಳ್ಳುವರು. ಇದರಿಂದ ಜಿಲ್ಲೆಯ, ರಾಜ್ಯದ, ದೇಶದ ಸ್ಥಿತಿಯು ತಿಳಿಯುವದು. ನಿಮ್ಮ ತಂಗಿಗೆ ಎಷ್ಟು ಬಂದಿತೆಂಬುದು ಇದರಲ್ಲಿ ಹೊರಬೀಳುವದೇ ಇಲ್ಲ. ಆ ಸರ್ವೇಕ್ಷಣದಲ್ಲಿ ಮೂರನೆಯ ಇಯತ್ತೆಯ ಮಕ್ಕಳ ಪೈಕಿ ೯೯ರವರೆಗಿನ ಸಂಖ್ಯೆಗಳನ್ನು ಏರಿಕೆ ಇಳಿಕೆಯ ಕ್ರಮದಲ್ಲಿ ಜೋಡಿಸಬಲ್ಲವರು ನೂರಕ್ಕೆ ೫೫ ಮಾತ್ರ ಎಂದು ಕಂಡುಬಂದಿತು. ಇದು ಗುರುಗಳೂ ಸರಕಾರವೂ ವಿಚಾರಿಸತಕ್ಕ ಮಾತು. ಇದಕ್ಕಾಗಿ ಒಂದು ಕೂಸನ್ನು ಗದರಿಸುವದರಲ್ಲಿ ಅರ್ಥವಿಲ್ಲ.

ಇದೇ ಜಾತಿಯ ಇನ್ನೊಂದು ಸಮೀಕ್ಷೆಯನ್ನು ಪ್ರಥಮ್ ಎಂಬ ಸಂಸ್ಥೆಯು ೨೦೦೫ರಿಂದ ‘ಅಸರ್’ ಎಂಬ ಹೆಸರಿನಿಂದ ಹಳ್ಳಿಗಳಲ್ಲಿ ನಡೆಸುತ್ತ ಬಂದಿದೆ. ಮನೆಗೆ ಹೋಗಿ, ಕೂಸನ್ನು ಹತ್ತಿರ ಕೂಡ್ರಿಸಿಕೊಂಡು, ಅಕ್ಷರ, ಶಬ್ದ, ನಾಲ್ಕು ವಾಕ್ಯದ ಪಾಠ, ಚಿಕ್ಕ ಕಥೆ, ಇವುಗಳಲ್ಲಿ ಎಲ್ಲಿಯವರೆಗೆ ಓದಬಲ್ಲದೆಂದು ನೋಡುವರು. ದೇಶದ ಹಳ್ಳಿಗಳ ಸರಕಾರಿ ಶಾಲೆಗಳಲ್ಲಿ ಮೂರನೆಯ ಇಯತ್ತೆಯಲ್ಲಿದ್ದು ಎರಡನೆಯದರ ಪಾಠವನ್ನು ಓದಬಲ್ಲವರು ೨೦೨೨ರಲ್ಲಿ ನೂರಕ್ಕೆ ೧೬.೩ ಇದ್ದರು, ೨೦೨೪ರಲ್ಲಿ ೨೩.೪ ಆದರು. ಓದಲು ತಡವಾಗುವ ಕೂಸು ನಿಮ್ಮ ಮನೆಯಲ್ಲಿ ಒಂದೇ ಅಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಎರಡನೆಯದು ಶೋಧಕ ಪರೀಕ್ಷೆ. ಮಹಾರಾಷ್ಟ್ರದಲ್ಲಿ ೨೦೨೩-೨೪ರಿಂದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ನಿಯತಕಾಲಿಕ ಮೌಲ್ಯಮಾಪನ ಪರೀಕ್ಷೆಗಳನ್ನು ಇಟ್ಟಿದ್ದಾರೆ. ವರ್ಷದ ಮೊದಲಿಗೆ ಒಂದು ‘ಪಾಯಾಭೂತ’ ಅಂದರೆ ತಳಹದಿಯ ಪರೀಕ್ಷೆ, ತರುವಾಯ ಎರಡು ಸಂಕಲಿತ ಪರೀಕ್ಷೆಗಳು. ಪ್ರಥಮ ಭಾಷೆ, ಗಣಿತ, ಇಂಗ್ಲಿಷು ಇವುಗಳ ವಿಷಯಗಳು. ಗೋಡೆ ಕಟ್ಟುವ ಮೊದಲು ಗೌಂಡಿಯು ಪಾಯದ ಮಟ್ಟವನ್ನು ನೋಡುವಂತೆ, ಹಿಂದಿನ ವರ್ಷದ ಕಲಿಕೆಯಲ್ಲಿ ಎಲ್ಲಿ ಸಡಿಲಿದೆಯೆಂದು ಗುರುಗಳಿಗೆ ತಿಳಿಸುವದೇ ಮೊದಲಿನದರ ಕೆಲಸ. ಇದರಲ್ಲಿ ಗುಣ ಕಡಿಮೆ ಬಂದರೆ ಆ ಕೂಸಿಗೆ ಹೆಚ್ಚು ಕಲಿಸಬೇಕೆಂದು ಅರ್ಥ.

ಮೂರನೆಯದು ಆಯ್ಕೆಯ ಪರೀಕ್ಷೆ. ಇದಕ್ಕೆ ಉದಾಹರಣೆಯು ನಮ್ಮ ಶಿಷ್ಯವೃತ್ತಿ ಪರೀಕ್ಷೆ. ಪುಣೆಯಲ್ಲಿಯೇ ಕಚೇರಿಯುಳ್ಳ ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತು ಇದನ್ನು ನಡೆಸುವದು. ಮೊದಲು ನಾಲ್ಕನೆಯ ಮತ್ತು ಏಳನೆಯ ಇಯತ್ತೆಗಳಿಗಿದ್ದುದನ್ನು ೨೦೧೬-೧೭ರಿಂದ ಐದನೆಯ ಮತ್ತು ಎಂಟನೆಯದಕ್ಕೆ ಒಯ್ದರು. ೨೦೨೫ರಲ್ಲಿ ಅದನ್ನು ಮರಳಿ ನಾಲ್ಕನೆಯ ಮತ್ತು ಏಳನೆಯದಕ್ಕೆ ತರಲು ಸರಕಾರವು ನಿಶ್ಚಯಿಸಿತು. ಎರಡು ಪತ್ರಿಕೆಗಳು, ೧೫೦ ಪ್ರಶ್ನೆಗಳು, ೩೦೦ ಗುಣಗಳು ಎಂಬುದು ಇದರ ರೂಢಿಯ ರಚನೆ. ಒಂದರಲ್ಲಿ ಪ್ರಥಮ ಭಾಷೆ ಹಾಗೂ ಗಣಿತ, ಇನ್ನೊಂದರಲ್ಲಿ ತೃತೀಯ ಭಾಷೆ ಹಾಗೂ ಬುದ್ಧಿಮತ್ತೆ. ಕನ್ನಡ ಮಾಧ್ಯಮದಿಂದಲೂ ಇದಕ್ಕೆ ಕೂಡ್ರಬಹುದು. ಸಾವಿರಾರು ಮಕ್ಕಳಲ್ಲಿ ಕೆಲವರನ್ನು ಆರಿಸುವದೇ ಇದರ ಉದ್ದೇಶವಾದುದರಿಂದ ಬಹುಜನರಿಗೆ ಶಿಷ್ಯವೃತ್ತಿಯು ದೊರೆಯದೆ ಇರುವದು ಸಹಜ. ದೊರೆತರೆ ಸಂತೋಷ, ದೊರೆಯದಿದ್ದರೆ ಮಗುವು ಕಲಿಯಲಿಲ್ಲವೆಂದು ಅರ್ಥವಲ್ಲ.

ನಾಲ್ಕನೆಯದು ವರ್ಗದ ಗುರುಗಳು ವರ್ಷವೆಲ್ಲ ನಡೆಸುವ ಮೌಲ್ಯಮಾಪನ. ಇದು ಪ್ರಮಾಣಿತವಲ್ಲ. ಆದರೆ ಕೂಸನ್ನು ದಿನಾಲು ನೋಡುವವರ ಮಾತಾದುದರಿಂದ ಇದರ ಬೆಲೆಯು ಉಳಿದವುಗಳಿಗಿಂತ ಕಡಿಮೆಯದಲ್ಲ. ಮಗುವನ್ನು ಅಂಜಿಕೆಯಿಲ್ಲದಂತೆ ಮಾಡಿ, ನಿರಂತರವಾಗಿ ಅದರ ತಿಳಿವಳಿಕೆಯನ್ನು ನೋಡುತ್ತಿರಬೇಕೆಂದು ಕಾಯಿದೆಯ ೨೯ನೆಯ ಕಲಮು ಹೇಳುವದು.

ಗುಣಗಳನ್ನು ಓದುವದು ಹೇಗೆ?

ಗುಣವೆಂಬುದು ಒಂದು ಅಂಕೆ. ಅಂಕೆಯನ್ನು ನೋಡಿದ ಕೂಡಲೇ ಅದು ಸತ್ಯವೆಂದು ನಮಗೆ ಅನಿಸುವದು. ಆದರೆ ಅದನ್ನು ಓದುವಾಗ ನಾಲ್ಕು ಮಾತುಗಳನ್ನು ನೆನಪಿನಲ್ಲಿಡಬೇಕು.

ಒಂದು: ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ೪೦ ಪ್ರಶ್ನೆಗಳಿದ್ದರೆ, ಏನೂ ಓದದೆ ಕಣ್ಣು ಮುಚ್ಚಿ ಗುರುತು ಹಾಕಿದವರಿಗೂ ಸರಾಸರಿ ೧೦ ಉತ್ತರಗಳು ಸರಿಯಾಗುವವು. ಆದುದರಿಂದ ೧೦ಕ್ಕೂ ೧೨ಕ್ಕೂ ಹೆಚ್ಚಿನ ಅಂತರವಿಲ್ಲ. ಅಂತೆಯೇ ೨೪ ಪಡೆದವನಿಗಿಂತ ೨೬ ಪಡೆದವನು ಜಾಣನೆಂದು ಹೇಳಲಾಗದು. ನಾಳೆ ಅದೇ ತರದ ಪರೀಕ್ಷೆಯನ್ನು ಮತ್ತೆ ಕೊಟ್ಟರೆ ಇಬ್ಬರ ಗುಣಗಳೂ ಅದಲು ಬದಲಾಗಬಹುದು. ಆ ದಿನ ಕೂಸಿಗೆ ನೆಗಡಿಯಿತ್ತೋ, ರಾತ್ರಿ ನಿದ್ದೆಯಾಗಿರಲಿಲ್ಲವೋ, ಹಸಿದು ಬಂದಿದ್ದಿತೋ, ಇವೆಲ್ಲವೂ ಗುಣದಲ್ಲಿ ಸೇರಿರುವವು.

ಎರಡು: ಶೇಕಡಾ ಗುಣ ಬೇರೆ, ಶೇಕಡಾ ಸ್ಥಾನ ಬೇರೆ. ಕೆಲವು ಪರೀಕ್ಷೆಗಳ ಫಲಿತಾಂಶದಲ್ಲಿ ಪರ್ಸೆಂಟ್ ಎಂದಿರುವದು, ಕೆಲವುಗಳಲ್ಲಿ ಪರ್ಸೆಂಟೈಲ್ ಎಂದಿರುವದು. ಎರಡೂ ಒಂದೇ ಎಂದು ತಿಳಿಯಬಾರದು. ಒಂದು ಸುಲಭವಾದ ಪರೀಕ್ಷೆಗೆ ಸಾವಿರ ಮಕ್ಕಳು ಕುಳಿತಿದ್ದಾರೆಂದು ಎಣಿಸಿರಿ. ಒಬ್ಬ ಹುಡುಗನಿಗೆ ೪೦ಕ್ಕೆ ೩೨ ಬಂದವು. ಅಂದರೆ ಶೇಕಡಾ ೮೦. ಆದರೆ ಅವನಿಗಿಂತ ಕಡಿಮೆ ಪಡೆದವರು ೨೫೦ ಜನ ಮಾತ್ರ. ಆಗ ಅವನ ಶೇಕಡಾ ಸ್ಥಾನವು ೨೫. ಇನ್ನೊಂದು ಕಠಿಣವಾದ ಪರೀಕ್ಷೆಯಲ್ಲಿ ಒಬ್ಬ ಹುಡುಗಿಗೆ ೪೦ಕ್ಕೆ ೧೮ ಬಂದವು, ಶೇಕಡಾ ೪೫. ಆದರೆ ಸಾವಿರದಲ್ಲಿ ೯೦೦ ಜನರು ಅವಳಿಗಿಂತ ಕಡಿಮೆ ಪಡೆದರು. ಅವಳ ಶೇಕಡಾ ಸ್ಥಾನವು ೯೦. ಮೊದಲಿನ ಅಂಕೆಯು ಎಷ್ಟು ಉತ್ತರಗಳು ಬಂದವೆಂದು ಹೇಳುವದು. ಎರಡನೆಯದು ಎಷ್ಟು ಜನರಿಗಿಂತ ಮುಂದಿರುವದೆಂದು ಹೇಳುವದು. ಯಾವ ಅಂಕೆಯೆಂದು ಕೇಳದೆ ಹಿಗ್ಗಲೂ ಬಾರದು, ಕುಗ್ಗಲೂ ಬಾರದು.

ಮೂರು: ವಯಸ್ಸು. ಒಂದನೆಯ ಇಯತ್ತೆಯಲ್ಲಿ ಈಗ ತಾನೆ ಆರು ತುಂಬಿದ ಕೂಸೂ ಏಳಕ್ಕೆ ಬಂದ ಕೂಸೂ ಒಂದೇ ಪಾಟಿನಲ್ಲಿ ಕುಳಿತಿರುವವು. ನಿಮಗೆ ಒಂದು ವರ್ಷವು ದೊಡ್ಡದಲ್ಲ. ಆದರೆ ಆರು ವರ್ಷದ ಕೂಸಿಗೆ ಅದು ತನ್ನ ಆಯುಷ್ಯದ ಆರನೆಯ ಒಂದು ಪಾಲು. ಚಿಕ್ಕದು ಹಿಂದಿದ್ದರೆ ಅದು ದಡ್ಡತನವಲ್ಲ. ಹುಟ್ಟಿದ ದಿನದ ಲೆಕ್ಕ.

ನಾಲ್ಕು: ನುಡಿ. ಇದು ನಮಗೆ ಎಲ್ಲಕ್ಕಿಂತ ಮುಖ್ಯವಾದುದು. ನಮ್ಮ ಕೂಸು ಮನೆಯಲ್ಲಿ ಊರ ಕನ್ನಡವನ್ನೂ, ಶಾಲೆಯಲ್ಲಿ ಗ್ರಂಥದ ಕನ್ನಡವನ್ನೂ, ಓಣಿಯಲ್ಲಿ ಮರಾಠಿಯನ್ನೂ, ಕೆಲಸದ ಠಿಕಾಣಿಯಲ್ಲಿ ಹಿಂದಿಯನ್ನೂ ಕೇಳುವದು. ಚಿತ್ರದಲ್ಲಿರುವದನ್ನು ತೋರಿಸಿದರೆ ಅದು ‘ಉಳ್ಳಾಗಡ್ಡಿ’ ಎನ್ನುವದು, ಇಲ್ಲವೆ ‘ಕಾಂದಾ’ ಎನ್ನುವದು. ಪತ್ರಿಕೆಯ ನಾಲ್ಕು ಉತ್ತರಗಳಲ್ಲಿ ‘ಈರುಳ್ಳಿ’ ಎಂದಿದ್ದರೆ ಕೂಸು ಗುರುತು ಹಾಕದೆ ಬಿಡುವದು. ವಸ್ತುವನ್ನು ಅದು ಬಲ್ಲದು. ಎರಡು ಹೆಸರುಗಳನ್ನೂ ಬಲ್ಲದು. ಮೂರನೆಯ ಹೆಸರು ತಿಳಿಯದುದಕ್ಕೆ ಗುಣವು ಸೊನ್ನೆ.

ಒಂದು ಉದಾಹರಣೆ

ನುಡಿಯ ತೊಡಕು ಗಣಿತದಲ್ಲಿಯೂ ಹೇಗೆ ಅಡಗಿರುವದೆಂಬುದಕ್ಕೆ ನಾನು ಕಂಡ ಒಂದು ಸಂಗತಿಯನ್ನು ಹೇಳುವೆ. ಮೂರನೆಯ ಇಯತ್ತೆಯ ಹುಡುಗಿಯೊಬ್ಬಳಿಗೆ ಬಾಯಿಲೆಕ್ಕದ ಪರೀಕ್ಷೆಯಲ್ಲಿ ೨೦ಕ್ಕೆ ೯ ಬಂದಿದ್ದವು. ಅವಳ ತಂದೆ ಗೌಂಡಿ ಕೆಲಸದವರು. ದೊಡ್ಡ ಮಗಳನ್ನು ಕರೆದುಕೊಂಡು ಶಾಲೆಗೆ ಬಂದು, “ಗುರುಗಳ, ಈಕೀ ತಲೀಗೆ ಏನೂ ಹತ್ತೂದಿಲ್ಲರಿ. ಸುಮ್ಮನ ಯಾಕ ಕಳಸೂದು? ಮನ್ಯಾಗ ಇದ್ದರ ಸಣ್ಣ ಕೂಸಿನ್ನರೆ ನೋಡಿಕೋತಾಳ” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಸೋತವರ ದನಿಯಿದ್ದಿತು. ನಾನು ಅವರನ್ನು ಕೂಡ್ರಿಸಿ ಉತ್ತರ ಪತ್ರಿಕೆಯನ್ನು ತರಿಸಿದೆನು.

“ಮೂವತ್ತೇಳಕ್ಕೆ ಇಪ್ಪತ್ತನಾಲ್ಕು ಕೂಡಿಸು” ಎಂದು ಬಾಯಿಯಿಂದ ಹೇಳಿದ ಲೆಕ್ಕಕ್ಕೆ ಆಕೆ ೧೧೫ ಎಂದು ಬರೆದಿದ್ದಳು. ಸರಿಯಾದ ಉತ್ತರವು ೬೧. ನೋಡಿದವರಿಗೆ ಇದು ಹುಚ್ಚು ಉತ್ತರವೆಂದೇ ತೋರುವದು. ಎಂಟನೆಯ ಇಯತ್ತೆಯ ಅವಳ ಅಕ್ಕ ಮಾತ್ರ ಆ ಪತ್ರಿಕೆಯನ್ನು ಸ್ವಲ್ಪ ಹೊತ್ತು ನೋಡಿ, “ಸರ್, ಕೂಡಿಸಿದ್ದು ಬರೋಬರಿ ಐತಿರಿ. ಅಂಕಿ ಅಷ್ಟ ತಿರುವಿ ಬರದಾಳ” ಎಂದಳು. ನಿಜ. ಹುಡುಗಿಯು ೩೭ನ್ನು ೭೩ ಎಂದೂ ೨೪ನ್ನು ೪೨ ಎಂದೂ ಬರೆದುಕೊಂಡು ಕೂಡಿಸಿದ್ದಳು. ಅವೆರಡರ ಮೊತ್ತವು ೧೧೫ ಸರಿಯಾಗಿಯೇ ಇದ್ದಿತು. ತಪ್ಪಿದ ೧೧ ಲೆಕ್ಕಗಳಲ್ಲಿ ೭ ಇದೇ ಬಗೆಯವು.

ಹೀಗೇಕಾಯಿತು? ಆಕೆ ಒಂದನೆಯ ಇಯತ್ತೆಯನ್ನು ಮರಾಠಿ ಶಾಲೆಯಲ್ಲಿ ಕಲಿತು ಬಂದವಳು. ಕನ್ನಡದಲ್ಲಿ ನಾವು ‘ಇಪ್ಪತ್ತೈದು’ ಎನ್ನುವಾಗ ಹತ್ತರ ಸ್ಥಾನವು ಮೊದಲು, ಬಿಡಿಯು ಆಮೇಲೆ. ಮರಾಠಿಯಲ್ಲಿ ‘ಪಂಚವೀಸ’ ಎನ್ನುವಾಗ ಬಿಡಿಯು ಮೊದಲು, ಹತ್ತು ಆಮೇಲೆ. ಆಕೆ ನಮ್ಮ ಮಾತನ್ನು ಮನಸ್ಸಿನಲ್ಲಿ ಮರಾಠಿಗೆ ತಿರುಗಿಸಿ, ಕೇಳಿಸಿದ ಕ್ರಮದಲ್ಲಿ ಅಂಕೆಗಳನ್ನು ಬರೆಯುತ್ತಿದ್ದಳು. ಇದು ಅವಳೊಬ್ಬಳ ತೊಡಕಲ್ಲ. ಮರಾಠಿ ಮಕ್ಕಳಿಗೂ ಈ ಕ್ರಮವು ಕಷ್ಟವಾಗುವದೆಂದು ಪುಣೆಯ ಬಾಲಭಾರತಿಯು ೨೦೧೯ರಲ್ಲಿ ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ ‘ವೀಸ ಪಾಚ’ ಎಂದು ಹತ್ತನ್ನು ಮೊದಲು ಹೇಳುವ ರೀತಿಯನ್ನೂ ಕೊಟ್ಟಿತು. ಅದರ ಮೇಲೆ ಮಹಾರಾಷ್ಟ್ರದಲ್ಲೆಲ್ಲ ದೊಡ್ಡ ಚರ್ಚೆಯಾಯಿತು.

ತಂದೆಯವರಿಗೆ ಇದನ್ನು ತಿಳಿಸಿ ಹೇಳಿದಾಗ, “ಹಂಗಾರ ಹುಡಿಗಿ ದಡ್ಡ ಅಲ್ಲೇನ್ರಿ?” ಎಂದು ಕೇಳಿದರು. “ಅಲ್ಲರಿ ಯಜಮಾನರ. ಎರಡು ಭಾಷಾದಾಗ ಎಣಿಸಾಕ ಹತ್ಯಾಳ, ಅದಕ್ಕ ತೊಡಕಾಗೇದ” ಎಂದೆನು. ಅಕ್ಕನು ಪ್ರತಿನಿತ್ಯ ಸಂಜೆ ಕಾಲು ಗಂಟೆ ಹತ್ತರ ಕಟ್ಟುಗಳನ್ನೂ ಬಿಡಿ ಕಡ್ಡಿಗಳನ್ನೂ ಇಟ್ಟು, ಸಂಖ್ಯೆಯನ್ನು ಬಾಯಿಯಿಂದ ಹೇಳಿ ಬರೆಯಿಸುವದೆಂದು ಗೊತ್ತಾಯಿತು. ಹುಡುಗಿಯು ಶಾಲೆ ಬಿಡಲಿಲ್ಲ.

ಈ ಉದಾಹರಣೆಯಿಂದ ತಿಳಿಯತಕ್ಕದ್ದೇನು? ೯ ಎಂಬ ಗುಣವು ಏನನ್ನೂ ಹೇಳಲಿಲ್ಲ. ತಪ್ಪಿದ ಹನ್ನೊಂದು ಲೆಕ್ಕಗಳು ಎಲ್ಲವನ್ನೂ ಹೇಳಿದವು. ಆದುದರಿಂದ ಗುಣವನ್ನು ನೋಡಿ ಕಾಗದವನ್ನು ಮಡಚಿ ಇಡಬೇಡಿರಿ. ತಪ್ಪುಗಳು ಯಾವ ಬಗೆಯವೆಂದು ನೋಡಿರಿ. ಉತ್ತರ ಪತ್ರಿಕೆಯು ಮನೆಗೆ ಬರದಿದ್ದರೆ ಶಾಲೆಗೆ ಬಂದು ತೋರಿಸಲು ಕೇಳಿರಿ. ಕೇಳುವದರಲ್ಲಿ ಸಂಕೋಚಪಡತಕ್ಕದ್ದಿಲ್ಲ.

ಮನೆಯವರು ಕೇಳಬೇಕಾದ ಪ್ರಶ್ನೆಗಳು

ನಿಮ್ಮ ತಂದೆ ತಾಯಿಗಳು ಗುರುಗಳನ್ನು ಕಾಣಲು ಬಂದಾಗ ಈ ಐದು ಪ್ರಶ್ನೆಗಳನ್ನು ಕೇಳಲಿ. ಮೊದಲೇ ಅವರಿಗೆ ಬಾಯಿಪಾಠವಾಗುವಂತೆ ನೀವು ಹೇಳಿಕೊಡಿರಿ.

೧. ಈ ಪರೀಕ್ಷೆಯು ಏತಕ್ಕಾಗಿ ನಡೆಯಿತು? ಸಮೀಕ್ಷೆಗೋ, ತೊಡಕು ಹುಡುಕಲಿಕ್ಕೋ, ಆಯ್ಕೆಗೋ?
೨. ನಮ್ಮ ಕೂಸಿಗೆ ಯಾವುದು ಬರುವದು, ಯಾವುದು ಬರುವದಿಲ್ಲ?
೩. ಮೊದಲಿನ ಪರೀಕ್ಷೆಗಿಂತ ಈಗ ಎಷ್ಟು ಮುಂದೆ ಬಂದಿದೆ?
೪. ಶಾಲೆಯಲ್ಲಿ ಇದಕ್ಕಾಗಿ ಏನು ಮಾಡುವಿರಿ?
೫. ಮನೆಯಲ್ಲಿ ನಾವು ಏನು ಮಾಡಬೇಕು?

“ಎಷ್ಟನೆಯ ನಂಬರು?” ಎಂಬ ಪ್ರಶ್ನೆಯು ಈ ಪಟ್ಟಿಯಲ್ಲಿಲ್ಲದಿರುವದನ್ನು ಗಮನಿಸಿರಿ. ಕೂಸನ್ನು ಪಕ್ಕದ ಮನೆಯ ಕೂಸಿನೊಡನೆ ಹೋಲಿಸುವದಕ್ಕಿಂತ, ಅದರ ಹಿಂದಿನ ಸ್ಥಿತಿಯೊಡನೆ ಹೋಲಿಸುವದು ಲೇಸು.

ಮನೆಯಲ್ಲಿ ಮಾಡತಕ್ಕ ಕೆಲಸವು ದುಡ್ಡಿನದಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಕೂಸು ಬೇಗ ಮಲಗಲಿ. ಬೆಳಿಗ್ಗೆ ಎರಡು ತುತ್ತು ತಿಂದು ಬರಲಿ. ರೊಟ್ಟಿ ಬಡಿಯುವಾಗ ತಾಯಿಯು ರೊಟ್ಟಿಗಳನ್ನು ಎಣಿಸಿ ಹೇಳೆನ್ನಲಿ. ಅಂಗಡಿಗೆ ಕಳಿಸಿದಾಗ ಉಳಿದ ಚಿಲ್ಲರೆಯ ಲೆಕ್ಕ ಕೇಳಲಿ. ಓದು ಬಾರದ ಅಜ್ಜಿಯೂ ಕಥೆ ಹೇಳಬಲ್ಲಳು; ಕಥೆ ಕೇಳಿದ ಕೂಸಿಗೆ ಶಬ್ದಗಳ ಭಂಡಾರವು ಬೆಳೆಯುವದು. ನೀವು ದಿನಾಲು ಹತ್ತು ನಿಮಿಷ ತಂಗಿಯಿಂದ ಗಟ್ಟಿಯಾಗಿ ಓದಿಸಿರಿ. ಹಲಗೆಯ ಮೇಲಿನದನ್ನು ತಪ್ಪಾಗಿ ಬರೆದುಕೊಳ್ಳುವ ಕೂಸಿನ ಕಣ್ಣನ್ನೂ, ಹೇಳಿದ್ದನ್ನು ಮತ್ತೆ ಮತ್ತೆ ಕೇಳುವ ಕೂಸಿನ ಕಿವಿಯನ್ನೂ ದವಾಖಾನೆಯಲ್ಲಿ ತೋರಿಸಿರಿ. ಬುದ್ಧಿಯ ದೋಷವೆಂದು ತಿಳಿದುದು ಎಷ್ಟೋ ಸಲ ಕಣ್ಣಿನ ದೋಷವಾಗಿರುವದು.

ಮಾಡಬಾರದ ಕೆಲಸಗಳೂ ಉಂಟು. ಗುಣ ಕಡಿಮೆಯಾಯಿತೆಂದು ಹೊಡೆಯಬಾರದು. ಹೊಡೆತ ತಿಂದ ಕೂಸು ಮುಂದಿನ ಸಲ ಕಾಗದವನ್ನು ಬಚ್ಚಿಡುವದನ್ನು ಕಲಿಯುವದೇ ಹೊರತು ಲೆಕ್ಕವನ್ನಲ್ಲ. ಒಂದು ಪರೀಕ್ಷೆಯ ಕಾಗದವನ್ನು ನೋಡಿ ಶಾಲೆಯನ್ನೋ ಮಾಧ್ಯಮವನ್ನೋ ಬದಲಿಸಬಾರದು. ತಿಳಿಯುವ ನುಡಿಯಲ್ಲಿ ಬಾರದ ಲೆಕ್ಕವು ತಿಳಿಯದ ನುಡಿಯಲ್ಲಿ ಬರಲಾರದು. ಪ್ರವೇಶ ಕೊಡುವಾಗ ಚಿಕ್ಕ ಕೂಸಿಗಾಗಲಿ ಪಾಲಕರಿಗಾಗಲಿ ಆಯ್ಕೆಯ ಪರೀಕ್ಷೆ ಮಾಡಬಾರದೆಂದು ಕಾಯಿದೆಯ ೧೩ನೆಯ ಕಲಮು ಹೇಳುವದು. ಮೀರಿದ ಶಾಲೆಗೆ ಮೊದಲ ಸಲ ೨೫,೦೦೦ ರೂಪಾಯಿಯವರೆಗೆ, ಮುಂದೆ ಪ್ರತಿ ಸಲಕ್ಕೆ ೫೦,೦೦೦ ರೂಪಾಯಿಯವರೆಗೆ ದಂಡವುಂಟು. ಇದೂ ನಿಮ್ಮ ಮನೆಯವರಿಗೆ ಗೊತ್ತಿರಲಿ.

ಇನ್ನೊಂದು ಮಾತು. ಬಿತ್ತನೆಗೆ, ಸುಗ್ಗಿಗೆ, ಜಾತ್ರೆಗೆ ಊರಿಗೆ ಹೋದ ಕುಟುಂಬವು ಎರಡು ತಿಂಗಳು ಮರಳದೆ ಇರುವದು ನಮ್ಮಲ್ಲಿ ಹೊಸದಲ್ಲ. ಬಂದ ಮೇಲೆ ನಡೆದ ಪರೀಕ್ಷೆಯಲ್ಲಿ ಕೂಸಿಗೆ ಕಡಿಮೆ ಗುಣ ಬಂದರೆ ಆ ಗುಣವು ಕೂಸಿನದಲ್ಲ. ಶಾಲೆ ತಪ್ಪಿದ ಆ ಎರಡು ತಿಂಗಳಿನದು. ಹೋಗಲೇಬೇಕಾದರೆ ಗುರುಗಳಿಗೆ ತಿಳಿಸಿ, ಪುಸ್ತಕಗಳನ್ನು ಜೊತೆಗೆ ಒಯ್ಯಿರಿ. ಊರಲ್ಲಿಯೇ ನಿಲ್ಲುವದಾದರೆ ಅಲ್ಲಿಯ ಶಾಲೆಗೆ ಸೇರಿಸಿರಿ. ದಾಖಲೆಯ ಕಾಗದವು ತಡವಾಯಿತೆಂದು ಪ್ರವೇಶವನ್ನು ನಿರಾಕರಿಸುವಂತಿಲ್ಲವೆಂದು ೫ನೆಯ ಕಲಮು ಹೇಳುವದು. ನಡುವೆ ಶಾಲೆ ಬಿಟ್ಟ ಕೂಸನ್ನು ಅದರ ವಯಸ್ಸಿಗೆ ತಕ್ಕ ಇಯತ್ತೆಗೆ ಸೇರಿಸಿಕೊಂಡು ವಿಶೇಷ ಶಿಕ್ಷಣ ಕೊಡಬೇಕೆಂದು ೪ನೆಯ ಕಲಮು ಹೇಳುವದು.

ಪರೀಕ್ಷೆಗಳು ಬೇಡವೆಂದು ನಾನು ಹೇಳುವದಿಲ್ಲ. ಅಳತೆಯಿಲ್ಲದೆ ಗೋಡೆಯು ನೇರವಾಗುವದಿಲ್ಲ. ಆದರೆ ಗೋಡೆಯು ಓರೆಯಾಗಿದೆಯೆಂದು ತೂಗುಗುಂಡು ತೋರಿಸಿದಾಗ ಬಲ್ಲ ಗೌಂಡಿಯು ಗೋಡೆಯನ್ನು ಬಯ್ಯುತ್ತ ಕೂಡ್ರುವದಿಲ್ಲ. ಕೆಲಸಕ್ಕೆ ಕೈ ಹಚ್ಚುವನು. ನಿಮ್ಮ ತಂದೆಯವರಿಗೆ ಈ ಮಾತು ನನಗಿಂತ ಚೆನ್ನಾಗಿ ಗೊತ್ತು. ಮಗುವಿನ ವಿಷಯದಲ್ಲಿಯೂ ಅದೇ ನ್ಯಾಯವೆಂಬುದನ್ನು ನೀವು ಅವರಿಗೆ ನೆನಪು ಮಾಡಿಕೊಟ್ಟರೆ ಸಾಕು. ಈ ವರ್ಷ ನಿಮ್ಮ ತಮ್ಮ ತಂಗಿಯರ ಪರೀಕ್ಷೆಯ ಕಾಗದವು ಮನೆಗೆ ಬಂದಾಗ ಅವರನ್ನು ಹತ್ತಿರ ಕೂಡ್ರಿಸಿಕೊಂಡು, ತಪ್ಪಿದ ಲೆಕ್ಕಗಳನ್ನು ಮೊದಲು ನೋಡಿರಿ. ಗುಣವನ್ನು ಆಮೇಲೆ ಓದಿ ಹೇಳಿರಿ.